ಊಟದ ಮೇಜಿನ ಬೆಳ್ಳಿ ಪ್ರಾಣಿಗಳು

ಭಾನುವಾರದ ಊಟಕ್ಕೆ ಕೂತಾಗ ಎಲ್ಲರೂ ತಟ್ಟೆ ನೋಡುತ್ತಿದ್ದರೆ ಸೋಲಾಂಜ್ ಚಾಕುಗಳನ್ನು ನೋಡುತ್ತಿದ್ದಳು. ಗಾಸ್ಪಾರ್‌ನ ಚಾಕು ನರಿಯ ಬೆನ್ನ ಮೇಲೆ ಮಲಗಿರುತ್ತಿತ್ತು, ಅವನ ಹೆಂಡತಿ ಮಿಲೇನ್‌ಳದು ಬೆಕ್ಕಿನ ಮೇಲೆ. ಸೋಲಾಂಜ್‌ಳ ಪಕ್ಕದಲ್ಲೇ ಕೂರುವ, ಗಾಸ್ಪಾರ್‌ನ ತಮ್ಮ ಆನ್ಸೆಲ್ಮ್‌ನದು ಬೇಟೆನಾಯಿಯ ಮೇಲೆ. ಅಣ್ಣತಮ್ಮಂದಿರ ಸೋದರಮಾವ, ಮುದುಕ ಒಕ್ತಾವ್‌ನ ಪಾಲಿಗೆ ಹಂದಿ ಬಂದಿತ್ತು. ಮೇಜಿನ ತಲೆಗೆ ಕೂರುವ ತಾಯಿ ಎದ್ವೀಜ್ ಅವರದು ನದಿಯ ಮೀನು. ಎಲ್ಲವೂ ಗಟ್ಟಿ ಬೆಳ್ಳಿಯವು, ಬೆರಳುದ್ದದವು. ಮೈಯನ್ನು ಯಾರೋ ಎರಡೂ ಕಡೆಯಿಂದ ಹಿಡಿದೆಳೆದಂತೆ ಉದ್ದವಾಗಿ ಚಾಚಿಕೊಂಡು, ಚಾಕು ಜಾರದಂತೆ ನಡುಬೆನ್ನು ತುಸು ತಗ್ಗಿದ ಪ್ರಾಣಿಗಳು. ಎದ್ವೀಜ್‌ರ ಅಜ್ಜಿ ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸಿನ ಒಬ್ಬ ಅಕ್ಕಸಾಲಿಗನಿಂದ ಮಾಡಿಸಿ ತಂದವು. ತಂದವರೇ ಮನೆಯ ಒಬ್ಬೊಬ್ಬರಿಗೂ ಅವರವರ ಗುಣ ನೋಡಿ, ಅರ್ಧ ತಮಾಷೆಗೆ ಅರ್ಧ ಚುಚ್ಚುವುದಕ್ಕೆ, ಒಂದೊಂದನ್ನು ಹಂಚಿದ್ದರಂತೆ. ಅಲ್ಲಿಂದ ಅದೇ ಪದ್ಧತಿ. ಸತ್ತವರ ಪ್ರಾಣಿ ಅವರ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು.

ಸೋಲಾಂಜ್‌ಳ ತಟ್ಟೆಯ ಬಲಕ್ಕೆ ಪ್ರಾಣಿ ಇರಲಿಲ್ಲ.

ಹಾಗೆಂದು ಅವಳಿಗೆ ಏನೂ ಕೊರತೆಯಾಗಿರಲಿಲ್ಲ. ಒಂದು ಬಡಿಸಿದ್ದು ಮುಗಿದು ಇನ್ನೊಂದು ಬರುವ ಹೊತ್ತಿಗೆ ಎದ್ವೀಜ್ ಎದ್ದು ಬಂದು, ಅವಳ ಎಂಜಲು ಚಾಕುವನ್ನು ತೆಗೆದು, ಕಪಾಟಿನಿಂದ ತಂದ ತೊಳೆದ ಚಾಕುವನ್ನು ಸದ್ದಾಗದಂತೆ ಇಟ್ಟು ಹೋಗುತ್ತಿದ್ದರು. ಉಳಿದವರು ಮೊದಲಿಂದ ಕೊನೆಯವರೆಗೆ ಒಂದೇ ಚಾಕುವಿನಲ್ಲಿ ಉಣ್ಣುತ್ತಿದ್ದರು. ಅದಕ್ಕೇ ಅವರಿಗೆ ಪ್ರಾಣಿ ಬೇಕಾಗಿತ್ತು. ಎಂಜಲು ಚಾಕು ಮೇಜುಬಟ್ಟೆಯನ್ನು ಮುಟ್ಟಬಾರದಲ್ಲ. ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಅತಿಥಿಯ ಮುಂದೆ ಪ್ರಾಣಿ ಇಟ್ಟರೆ, 'ನಿನಗೆ ಬೇರೆ ಚಾಕು ಬರುವುದಿಲ್ಲ, ಇದರಲ್ಲೇ ಸುಧಾರಿಸಿಕೋ' ಎಂದಂತೆ. ಮರ್ಯಾದಸ್ಥರು ಹಾಗೆ ಇಡುವುದಿಲ್ಲ. ಪ್ರಾಣಿ ಇರುವುದು ಮನೆಯವರಿಗೆ.

ಮೊದಲ ಭಾನುವಾರ ಆ ತೊಳೆದ ಚಾಕುಗಳನ್ನು ಕಂಡು ಅವಳ ಕಣ್ಣು ತುಂಬಿ ಬಂದಿತ್ತು. ಹೆಂಡತಿ ಸತ್ತ ಮಗ ಇನ್ನೊಬ್ಬಳನ್ನು ಮನೆಗೆ ಕರೆತಂದಾಗ ಇಷ್ಟು ಆದರ ಯಾರು ತೋರಿಸುತ್ತಾರೆ ಎಂದುಕೊಂಡಿದ್ದಳು. ಆಮೇಲೆ ಭಾನುವಾರಗಳು ಕಳೆದವು, ಎರಡು ಚಳಿಗಾಲಗಳು ಕಳೆದವು. ಚಾಕು ಬದಲಾಗುವುದು ನಿಲ್ಲಲಿಲ್ಲ. ಊಟ ಮುಗಿದ ಮೇಲೆ ಮಿಲೇನ್ ತೋಳು ಮಡಚಿ ಪಾತ್ರೆ ತೊಳೆಯಲು ನಿಂತರೆ, ಎದ್ವೀಜ್ ಸೋಲಾಂಜ್‌ಳನ್ನು ಹೆಗಲು ಮುಟ್ಟಿ ಕೋಣೆಗೆ ಕಳಿಸುತ್ತಿದ್ದರು. 'ನೀವು ಕಾಫಿ ಕುಡೀರಿ.' ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿ ಅವಳಿಗೆ. ಅಲ್ಲಿ ಕೂತು ಅಡುಗೆಮನೆಯಿಂದ ಬರುವ ನಗುವನ್ನು ಕೇಳಿಸಿಕೊಳ್ಳುತ್ತ, ಯಾವ ಮಾತಿಗೆ ನಕ್ಕಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು.

ಅವಳ ಸ್ವಭಾವವೇ ಹಾಗೆ. ತೂರ್ ಪಟ್ಟಣದ ಕನ್ನಡಕದಂಗಡಿಯಲ್ಲಿ ಅವಳ ಕೆಲಸ. ಗಿರಾಕಿ ಬಾಗಿಲು ತಳ್ಳುವ ರೀತಿಯಲ್ಲೇ ಅವರಿಗೆ ಯಾವ ಕಣ್ಣು ಮಂಜೆಂದು ಹೇಳುವಷ್ಟು ಸೂಕ್ಷ್ಮ. ಈ ಸೂಕ್ಷ್ಮದಿಂದ ಅವಳಿಗೆ ಸುಖಕ್ಕಿಂತ ಸಂಕಟವೇ ಹೆಚ್ಚು ಆಗಿತ್ತು. ಮೊದಲ ಮದುವೆಯಲ್ಲಿ ಅತ್ತೆಮನೆಯವರು ಒಂಬತ್ತು ವರ್ಷ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಕೆಟ್ಟ ಮಾತು ಒಂದೂ ಇಲ್ಲ, ಜಗಳ ಇಲ್ಲ, ಬರೀ ಮರ್ಯಾದೆ. ಆ ಮರ್ಯಾದೆಯ ಚಳಿ ಎಲುಬಿಗೆ ಇಳಿದ ಮೇಲೆ ಅವಳು ಒಂದು ಪೆಟ್ಟಿಗೆ ಹಿಡಿದು ಹೊರಗೆ ಬಂದಿದ್ದಳು. ಇನ್ನೊಮ್ಮೆ ಅಂಥ ಚಳಿಗೆ ಮೈಯೊಡ್ಡುವುದಿಲ್ಲವೆಂದು ಆಗಲೇ ತೀರ್ಮಾನ ಮಾಡಿದ್ದಳು.

ಆನ್ಸೆಲ್ಮ್ ಕ್ರಿಸ್‌ಮಸ್ ಸಮಯದಲ್ಲಿ ಮದುವೆಯ ಮಾತೆತ್ತಿದ. ಈಸ್ಟರ್ ಹಬ್ಬದ ದಿನ ಹೇಳುತ್ತೇನೆ ಎಂದಿದ್ದಳು. ಯಾಕೆ ಅಷ್ಟು ದಿನ ಎಂದರೆ, ಹಬ್ಬದ ಊಟದಲ್ಲಾದರೂ ನೋಡೋಣ ಎಂಬ ಒಳಗಿನ ಆಸೆ. ಆ ಹಬ್ಬ ಈಗ ಬಂದಿತ್ತು. ಬೆಳಿಗ್ಗೆ ನದಿ ದಂಡೆಯ ರಸ್ತೆಯಲ್ಲಿ ಕಾರು ಓಡಿಸುತ್ತ ಅವನು, ಮಂಗಳವಾರ ಪುರಸಭೆಯ ಕಚೇರಿ ತೆರೆಯುತ್ತದೆ, ಅರ್ಜಿ ಕೊಟ್ಟರೆ ಜೂನ್‌ನಲ್ಲಿ ಮದುವೆ ಎಂದ. ಅವಳು ನದಿಯ ಕಡೆ ಮುಖ ತಿರುಗಿಸಿದಳು.

"ಮತ್ತೆ ಚಾಕು ವಿಷಯಾನಾ?" ಎಂದು ಕೇಳಿದ.

"ಹೌದು, ಚಾಕು ವಿಷಯಾನೇ. ನಿನ್ನ ಜೊತೆ ಬಾಳೋಕೆ ನಂಗೆ ಭಯ ಇಲ್ಲ. ನಿಮ್ಮಮ್ಮನ ಮೇಜಲ್ಲಿ ಮೂವತ್ತು ವರ್ಷ ನೆಂಟಳಾಗಿ ಕೂರೋಕೆ ಆಗಲ್ಲ."

"ಅಮ್ಮ ಗೌರವಕ್ಕೆ ಹಾಗೆ ಮಾಡ್ತಾಳೆ. ನಾನೇ ಕೇಳಿಬಿಡ್ಲಾ?"

ಬೇಡವೆಂದಳು. ಕೇಳಿ ಪಡೆದ ಜಾಗ ಜಾಗವೇ ಅಲ್ಲ. ಈ ಮಾತನ್ನು ಅವನಿಗೆ ಹಿಂದೆಯೂ ಹೇಳಿದ್ದಳು, ಅವನು ಹಿಂದೆಯೂ ಪಾಪದ ಮುಖ ಮಾಡಿಕೊಂಡಿದ್ದ. ಒಳ್ಳೆಯ ಮನುಷ್ಯ, ತನ್ನ ಮುಂದೆ ಬೆಳ್ಳಿ ನಾಯಿ ಇದೆಯೋ ಮರದ ತುಂಡು ಇದೆಯೋ ಎಂದು ಒಮ್ಮೆಯೂ ನೋಡದೆ ಉಂಡು ಏಳುವಂಥವನು. ಹುಟ್ಟಿದಾಗಿನಿಂದ ಇರುವುದನ್ನು ಯಾರು ನೋಡುತ್ತಾರೆ?

ಅವಳ ಮನಸ್ಸಿನಲ್ಲಿ ಇನ್ನೊಂದು ಭಯವೂ ಇತ್ತು. ಮಿಲೇನ್ ಒಂದು ಸಲ ಬಾಯಿಬಿಟ್ಟಿದ್ದಳು: ಆನ್ಸೆಲ್ಮ್‌ನ ತೀರಿಹೋದ ಹೆಂಡತಿ ಕ್ಲೊತಿಲ್ದ್‌ಳ ಮೊಲ ಮಣ್ಣಿಗೆ ಹೋಗಿಲ್ಲ, ಆನ್ಸೆಲ್ಮ್ ಬೇಡವೆಂದು ಅತ್ತಿದ್ದಕ್ಕೆ ಪೆಟ್ಟಿಗೆಯಲ್ಲೇ ಇದೆ. ಒಂದು ದಿನ ಆ ಮೊಲ ತನ್ನ ತಟ್ಟೆಯ ಪಕ್ಕಕ್ಕೆ ಬಂದು ಕೂತರೆ? ಬರದಿದ್ದರೆ ಒಂದು ಸಂಕಟ, ಬಂದರೆ ಇನ್ನೊಂದು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗಾಗಿತ್ತು ಅವಳ ಪಾಡು.

ಹಬ್ಬಕ್ಕೆಂದು ಮೇಜಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿತ್ತು. ಫೋರ್ಕುಗಳು ಎಂದಿನಂತೆ ಮಗುಚಿ ಮಲಗಿ, ಬೆನ್ನ ಮೇಲೆ ಕೆತ್ತಿದ ಮನೆತನದ ಅಕ್ಷರಗಳನ್ನು ತೋರಿಸುತ್ತಿದ್ದವು. ನಡುವೆ ಬೆಳ್ಳಿಯ ದ್ರಾಕ್ಷಿಗೊಂಚಲು ಹಿಡಿಕೆಯ ದೊಡ್ಡ ಸಾರಿನ ಪಾತ್ರೆ. ಅದರಲ್ಲಿ ಸಾರಿನ ಬದಲು ತೋಟದ ಹಳದಿ ಹೂಗಳಿದ್ದವು. ಅವಳು ಒಳಗೆ ಕಾಲಿಡುವಾಗಲೇ ತನ್ನ ಜಾಗ ನೋಡಿದಳು. ಪ್ರಾಣಿ ಇರಲಿಲ್ಲ. ಆದರೂ ಎದ್ವೀಜ್‌ರ ಎರಡೂ ಕೆನ್ನೆಗೆ ಮುತ್ತಿಟ್ಟು, ಹೂಗಳು ಚೆನ್ನಾಗಿವೆ ಎಂದಳು. ಕೂರುವಾಗ ಮೇಜುಬಟ್ಟೆಯ ಆ ಖಾಲಿ ಜಾಗದ ಮೇಲೆ ಕೈಯಿಟ್ಟುಕೊಂಡು ಕೂತಳು, ಯಾರಿಗೂ ಕಾಣದಿರಲಿ ಎಂಬಂತೆ.

ಮೊಟ್ಟೆ ಹುದುಗಿಸಿದ ಹಬ್ಬದ ಮಾಂಸದ ಕಡುಬು ಮೊದಲು ಬಂತು. ಒಕ್ತಾವ್ ಎರಡನೆಯ ತುಂಡಿಗೆ ತಟ್ಟೆ ಚಾಚಿದಾಗ ಗಾಸ್ಪಾರ್ ಸುಮ್ಮನಿರಲಿಲ್ಲ.

"ಮಾವ, ನಿಮ್ಮ ಹಂದಿ ಹೊಟ್ಟೆ ಬಿರಿಯೋ ಹಾಗಿದೆ."

"ಅದು ಬೆಳ್ಳೀದು ಕಣಯ್ಯಾ, ಎಂಬತ್ತು ವರ್ಷ ಆದ್ರೂ ಒಂದೇ ಸೈಜು. ಹೊಟ್ಟೆಕಿಚ್ಚು ನಂಗೆ ಅದರ ಮೇಲೆ." ಮುದುಕ ಸೋಲಾಂಜ್‌ಳ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೀನೇ ಪುಣ್ಯವಂತೆ ಮಗಳೇ. ನಿನಗೆ ಯಾವ ಪ್ರಾಣೀನೂ ಅಂಟಿಲ್ಲ. ನಾವೆಲ್ಲ ಮೃಗಾಲಯ."

ಎಲ್ಲರೂ ನಕ್ಕರು. ಸೋಲಾಂಜ್‌ಳೂ ನಕ್ಕಳು. ನಗುವ ಹೊತ್ತಿಗೇ ಎದ್ವೀಜ್ ಎದ್ದು ಬಂದು ಅವಳ ಚಾಕು ತೆಗೆದರು, ತೊಳೆದದ್ದನ್ನು ಇಟ್ಟರು. ಅವಳು ಥ್ಯಾಂಕ್ಸ್ ಹೇಳಿದಳು. 'ಮದಾಮ್' ಎನ್ನಬೇಕೋ 'ಅತ್ತೆ' ಎನ್ನಬೇಕೋ ತಿಳಿಯದೆ ಯಾವಾಗಲೂ ಮಾಡುವಂತೆ ಆ ಪದವನ್ನು ನುಂಗಿಕೊಂಡು, ಬರೀ ಥ್ಯಾಂಕ್ಸ್.

ಕುರಿಯ ತೊಡೆ ಬಂತು, ಅದರ ಜೊತೆ ಹಸಿರು ಅವರೆಯಂಥ ಸಣ್ಣ ಕಾಳಿನ ಪಲ್ಯ. ಮಾತು ಬೇರೆ ಕಡೆ ಹೋಯಿತು: ನದಿಯ ನೀರು ಏರುತ್ತದೋ ಇಲ್ಲವೋ, ಪಕ್ಕದ ಮನೆಯವರು ಗೋಡೆಗೆ ಎಂಥ ಕೆಟ್ಟ ಬಣ್ಣ ಬಳಿಸಿದ್ದಾರೆ. ಸೋಲಾಂಜ್ ಉತ್ತರಿಸಬೇಕಾದಲ್ಲಿ ಉತ್ತರಿಸಿದಳು. ತಲೆಯೊಳಗೆ ಬೇರೊಂದು ವಾಕ್ಯವನ್ನು ತಿದ್ದಿ ತಿದ್ದಿ ಜೋಡಿಸುತ್ತಿದ್ದಳು. ವಾಪಸಾಗುವಾಗ ಕಾರಿನಲ್ಲಿ ಅವನಿಗೆ ಹೇಳಬೇಕಾದ ವಾಕ್ಯ. ಅವನಿಗೆ ನೋವಾಗಬಾರದು, ಆದರೆ ಅನುಮಾನಕ್ಕೂ ಎಡೆ ಇರಬಾರದು. ನಿನ್ನ ತಪ್ಪಿಲ್ಲ, ನಿಮ್ಮಮ್ಮನದೂ ತಪ್ಪಿಲ್ಲ, ನನಗೆ ಇದು ಆಗುವುದಿಲ್ಲ. ಮೂರು ಸಲ ಒಳಗೇ ಹೇಳಿಕೊಂಡಾಗಲೂ ಆ ವಾಕ್ಯ ನಾಲಗೆಗೆ ಒಗ್ಗಲಿಲ್ಲ.

ಆಮೇಲೆ ಚೀಸ್ ತಟ್ಟೆ ಬಂತು. ನಡುವೆ ಹುಲ್ಲುಕಡ್ಡಿ ಚುಚ್ಚಿದ, ಬೂದಿ ಬಣ್ಣದ ಮೇಕೆ ಹಾಲಿನ ಚೀಸ್. ಎಲ್ಲರೂ ತಮ್ಮ ತಮ್ಮ ಚಾಕುವನ್ನು ಬ್ರೆಡ್ಡಿನ ಚೂರಿಗೆ ಒರೆಸಿದರು. ಎದ್ವೀಜ್ ಮತ್ತೆ ಎದ್ದರು; ಕಪಾಟಿನ ಬಾಗಿಲು ಕಿರುಗುಟ್ಟಿತು; ತೊಳೆದ ಚಾಕು ಹಿಡಿದ ಕೈ ಸೋಲಾಂಜ್‌ಳ ಹೆಗಲ ಪಕ್ಕದಿಂದ ಬಂತು.

ಆಗ ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಸೋಲಾಂಜ್ ತನ್ನ ಎಂಜಲು ಚಾಕುವಿನ ಮೇಲೆ ಅಂಗೈ ಮುಚ್ಚಿದ್ದಳು.

"ಬೇಡಿ. ನನಗೆ ಇದೇ ಇರಲಿ."

ಎದ್ವೀಜ್‌ರ ಕೈ ಗಾಳಿಯಲ್ಲೇ ನಿಂತಿತು. ಸೋಲಾಂಜ್ ಮೇಜುಬಟ್ಟೆಯ ಮೇಲಿದ್ದ ಬ್ರೆಡ್ಡಿನ ಗಟ್ಟಿ ತುದಿಯನ್ನು ಮುರಿದು, ಕವುಚಿಟ್ಟು, ಅದರ ಮೇಲೆ ಚಾಕು ಒರಗಿಸಿದಳು. ದಕ್ಷಿಣದಲ್ಲಿ ಅವಳ ಅಜ್ಜಿಯ ಹಳ್ಳಿಮನೆಯಲ್ಲಿ, ಬೆಳ್ಳಿ ಕಂಡರಿಯದ ಮೇಜಿನಲ್ಲಿ, ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಇಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮಿಲೇನ್ ಅಗಿಯುವುದನ್ನು ನಿಲ್ಲಿಸಿದಳು. ಆನ್ಸೆಲ್ಮ್ ಜೀವಮಾನದಲ್ಲಿ ಮೊದಲ ಬಾರಿಗೆ ಎಂಬಂತೆ ತನ್ನ ನಾಯಿಯನ್ನು ನೋಡಿದ, ಆಮೇಲೆ ಆ ಬ್ರೆಡ್ಡಿನ ತುಂಡನ್ನು.

ಎದ್ವೀಜ್ ತೊಳೆದ ಚಾಕುವನ್ನು ಹಿಡಿದುಕೊಂಡೇ ತಿರುಗಿ ಅಡುಗೆಮನೆಗೆ ಹೋದರು.

ಆಯಿತು, ಎಲ್ಲ ಮುಗಿಯಿತು ಎಂದು ಸೋಲಾಂಜ್ ಅಂದುಕೊಂಡಳು. ಎರಡು ವರ್ಷ ಬಿಗಿಹಿಡಿದು ಕೂತವಳು ಹಬ್ಬದ ದಿನ, ಎಲ್ಲರ ಎದುರು, ವಯಸ್ಸಾದ ಹೆಂಗಸಿನ ಕೈ ತಡೆದೆ. ಕ್ಷಮೆ ಕೇಳಿಯಾದರೂ ಹೊರಡೋಣ ಎಂದು ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

ಅಡುಗೆಮನೆಯಲ್ಲಿ ಎದ್ವೀಜ್ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಬಲ ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು. ಮೊಣಕಾಲು ಊದಿ, ಲಂಗದ ಅಂಚಿನ ಕೆಳಗೆ ಹಣ್ಣಾದ ಪೇರಲದಂತೆ ಕಾಣುತ್ತಿತ್ತು. ಅವಳನ್ನು ಕಂಡು ಲಂಗ ಎಳೆದುಕೊಂಡರು.

"ಚಾಕು ಸರಿಯಾಗಿ ತೊಳೆದಿರಲಿಲ್ವಾ?" ಎಂದು ಕೇಳಿದರು.

ಈ ಪ್ರಶ್ನೆಗೆ ಸೋಲಾಂಜ್ ಸಿದ್ಧಳಾಗಿರಲಿಲ್ಲ. ವ್ಯಂಗ್ಯವೇನೋ ಎಂದು ಮುಖ ನೋಡಿದಳು. ಅಲ್ಲಿ ವ್ಯಂಗ್ಯವಿರಲಿಲ್ಲ, ಅಡುಗೆ ಸೀದುಹೋದಾಗ ಮನೆಯಾಕೆಗಾಗುವಂಥ ಪೆಚ್ಚು ಇತ್ತು.

"ತೊಳೆದಿತ್ತು. ಯಾವಾಗಲೂ ತೊಳೆದಿರುತ್ತೆ. ಅದಕ್ಕೇ..." ಅವಳು ಮಾತು ಹುಡುಕಿದಳು. ಕಾರಿಗೆಂದು ತಿದ್ದಿಟ್ಟುಕೊಂಡ ವಾಕ್ಯ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. "ನಿಮ್ಮ ಮನೇಲಿ ಎಲ್ಲರಿಗೂ ಒಂದೇ ಚಾಕು. ನನಗೆ ಮಾತ್ರ ಬೇರೆ ಬೇರೆ. ನಾನು ಯಾವತ್ತಿಗೂ ಹೊರಗಿನವಳೇ ಅಂತ ನೀವು ಹೇಳ್ತಿದ್ದೀರಿ ಅಂದ್ಕೊಂಡೆ."

ಎದ್ವೀಜ್ ಮೇಜಿನಂಚು ಹಿಡಿದು ಎದ್ದು, ಬೀರುವಿನ ಕೆಳಗಿನ ಖಾನೆಯಿಂದ ಚಪ್ಪಟೆಯಾದ ಚರ್ಮದ ಪೆಟ್ಟಿಗೆಯೊಂದನ್ನು ತೆಗೆದು ಬಿಚ್ಚಿದರು. ಒಳಗೆ ನೇರಳೆ ಮಖಮಲ್ಲಿನಲ್ಲಿ ಒಂದೊಂದು ಪ್ರಾಣಿಯ ಮೈಗೆ ಹೊಂದುವ ಗುಂಡಿಗಳು. ಹೆಚ್ಚಿನವು ಖಾಲಿ. ಕೆಲವರ ಪ್ರಾಣಿ ಮೇಜಿನ ಮೇಲಿತ್ತು, ಉಳಿದವರದು ಮಣ್ಣಿನಲ್ಲಿ. ಒಂದು ಗುಂಡಿಯಲ್ಲಿ ಕಿವಿ ಹಿಂದಕ್ಕೆ ಮಡಚಿದ ಮೊಲ ಮಲಗಿತ್ತು. ಇನ್ನೊಂದರಲ್ಲಿ ಇದ್ದಿಲಿನಂತೆ ಕಪ್ಪಾದ, ಏನೆಂದು ತಿಳಿಯದ ಒಂದು ಆಕಾರ.

"ಮೊಲ ಕ್ಲೊತಿಲ್ದ್‌ದು," ಎಂದರು ಎದ್ವೀಜ್. "ಅದನ್ನ ನಿಮ್ಮ ಮುಂದೆ ಇಡೋಕೆ ನಂಗೆ ಬುದ್ಧಿ ಕೆಟ್ಟಿಲ್ಲ. ಸತ್ತವಳ ಚಪ್ಪಲಿ ಹಾಕ್ಕೊಂಡು ನಡಿ ಅಂದ ಹಾಗೆ. ಇನ್ನು ಉಳಿದಿದ್ದು ಇದೊಂದೇ."

ಕಪ್ಪಾದದ್ದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಹೆಬ್ಬಾತು ಎಂದರು. ಅವರ ಧ್ವನಿ ಇಳಿದುಹೋಗಿತ್ತು.

ಆ ಸೀಮೆಯ ಮಾತಿನಲ್ಲಿ ಹೆಂಗಸನ್ನು ಹೆಬ್ಬಾತು ಎಂದರೆ ಪೆದ್ದಿ ಎಂದು ಮುಖಕ್ಕೆ ಹೇಳಿದಂತೆ. ಎದ್ವೀಜ್‌ರಿಗೆ ಇದು ತವರುಮನೆ. ಅವರ ತಾಯಿ ಫಿಲೊಮೆನ್ ಇಲ್ಲಿಗೆ ಸೊಸೆಯಾಗಿ ಬಂದ ಮೊದಲ ಊಟದಲ್ಲೇ, ಪ್ರಾಣಿಗಳನ್ನು ಮಾಡಿಸಿ ತಂದ ಆ ಅಜ್ಜಿ ಅವಳ ತಟ್ಟೆಯ ಪಕ್ಕ ಹೆಬ್ಬಾತನ್ನು ಇಟ್ಟಿದ್ದಳಂತೆ. ಊಟಕ್ಕೆ ಕೂತವರೆಲ್ಲ ನಕ್ಕರಂತೆ. ಸೊಸೆಯೂ ನಕ್ಕಳಂತೆ, ಬೇರೆ ದಾರಿ ಇರಲಿಲ್ಲ. ಅತ್ತೆ ಬದುಕಿರುವವರೆಗೂ ಪ್ರತಿ ಭಾನುವಾರ, ಅತ್ತೆ ಸತ್ತ ಮೇಲೆ ಅಭ್ಯಾಸಬಲದಿಂದ, ಅವಳು ಅದರ ಮುಂದೆ ಕೂತು ಉಂಡಳು. ಇಷ್ಟನ್ನು ಎದ್ವೀಜ್ ಹೆಬ್ಬಾತಿನ ಕಡೆಗೆ ನೋಡುತ್ತಲೇ ಹೇಳಿದರು.

"ನೋಡಿ, ಹೇಗೆ ಕತ್ತು ತಗ್ಗಿಸಿದೆ ಅಂತ. ನಮ್ಮಮ್ಮನೂ ಹೀಗೇ ಕೂತಿರ್ತಿದ್ಲು. ಅವಳು ಹೋದಾಗ ಇದನ್ನ ಜೊತೆಗೆ ಕಳಿಸೋಕೆ ನಂಗೆ ಮನಸ್ಸಾಗ್ಲಿಲ್ಲ. ಅಲ್ಲಿ ಹೋಗಿನೂ ತಲೆ ತಗ್ಗಿಸ್ಬೇಕಾ? ಅವತ್ತೇ ಅಂದ್ಕೊಂಡೆ, ಈ ಮನೆಗೆ ಬರೋ ಹೆಣ್ಣಿನ ಮುಂದೆ ಇದು ಬರಬಾರದು ಅಂತ."

"ಅದಕ್ಕೇ ಚಾಕು ಬದಲಾಯಿಸ್ತಿದ್ರಾ?"

"ಮತ್ತೇನ್ ಮಾಡ್ಲಿ? ಪ್ರಾಣಿ ಇಲ್ಲದೋರಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅದೇ ತಾನೇ? ಮಿಲೇನ್ ಆಡಿಕೊಳ್ತಾಳೆ, ನಿಮ್ಮ ಮಂಡಿಗೆ ಈ ಓಡಾಟ ಬೇಕಾ ಅಂತ. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

ಸೋಲಾಂಜ್ ಕಪಾಟಿನ ಮೇಲೆ ಕೈಯೂರಿ ನಿಂತಳು. ಬಾಗಿಲು ತಳ್ಳುವ ರೀತಿ ನೋಡಿ ಕಣ್ಣಿನ ರೋಗ ಹೇಳುವವಳು ತಾನು. ಎರಡು ವರ್ಷ ಈ ಹೆಂಗಸಿನ ಕೈಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಮೇಜುಬಟ್ಟೆಯ ಕೆಳಗೆ ಮೊಣಕಾಲುಗಳು ಇವೆ ಎಂಬುದೇ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಎದೆ ಹಗುರವಾಯಿತು, ಮತ್ತೆ ತಕ್ಷಣ ಭಾರವಾಯಿತು. ಯಾಕೆಂದರೆ ಇಷ್ಟೆಲ್ಲ ತಿಳಿದ ಮೇಲೂ ಮೇಜಿನ ಮೇಲಿನ ಖಾಲಿ ಜಾಗ ಖಾಲಿಯೇ. ಮೊಲ ಆಗದು, ಹೆಬ್ಬಾತು ಆಗದು. ಇನ್ನು ಮೇಲೆ ಎದ್ವೀಜ್ ಮಂಡಿನೋವಿನಲ್ಲಿ ಓಡಾಡುವುದನ್ನು ತಾನು ತಿಳಿದೂ ತಿಳಿದೂ ನೋಡುತ್ತ ಕೂರಬೇಕು.

"ಒಂದು ನಿಮಿಷ ಕೊಡ್ತೀರಾ?" ಎಂದು ಕೈ ಚಾಚಿದಳು.

ಎದ್ವೀಜ್ ಹಿಂದೆಮುಂದೆ ನೋಡಿ ಕೊಟ್ಟರು. ಗಾತ್ರಕ್ಕಿಂತ ಭಾರವಾಗಿತ್ತು. ಹೊಟ್ಟೆಯ ಕೆಳಗೆ ಅಕ್ಕಸಾಲಿಗನ ಗುರುತಿನ ಸಣ್ಣ ಉಬ್ಬು ಹೆಬ್ಬೆರಳಿಗೆ ತಾಗಿತು. ಸೋಲಾಂಜ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಕಡ್ಡಿ ಸೊಟ್ಟಗಿದೆಯೋ ನೋಡುವಂತೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ಬಾಲದಿಂದ ಕೊಕ್ಕಿನವರೆಗೆ ಒಂದೇ ಗೆರೆ. ಕತ್ತು ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚಿತ್ತು. ರೆಕ್ಕೆಗಳ ಬುಡ ತುಸು ಮೇಲೆದ್ದಿತ್ತು.

ಅವಳಿಗೆ ಮೈ ಜುಮ್ಮೆಂದಿತು. ಈ ಭಂಗಿ ಅವಳಿಗೆ ಗೊತ್ತು. ಚಿಕ್ಕವಳಿದ್ದಾಗ ಅಜ್ಜಿಯ ಅಂಗಳದಲ್ಲಿ ಈ ಭಂಗಿಯನ್ನು ಕಂಡೊಡನೆ ಬಾವಿಕಟ್ಟೆಯ ಮೇಲೆ ಹತ್ತಿ ನಿಲ್ಲುತ್ತಿದ್ದಳು.

"ಇದನ್ನ ಉಜ್ಜೋಕೆ ಏನಾದ್ರೂ ಇದೆಯಾ?"

ಎದ್ವೀಜ್ ಬೆಳ್ಳಿ ಉಜ್ಜುವ ಸೀಮೆಸುಣ್ಣದ ಪುಡಿಯ ಡಬ್ಬಿ, ಒಂದು ಹಳೆಯ ಮೆತ್ತನೆ ಬಟ್ಟೆ ಕೊಟ್ಟರು. ಯಾಕೆಂದು ಕೇಳಲಿಲ್ಲ. ಸೋಲಾಂಜ್ ತೋಳು ಮಡಚಿ ತೊಟ್ಟಿಯ ಮುಂದೆ ನಿಂತು, ಪುಡಿಗೆ ನೀರು ತಾಗಿಸಿ ಉಜ್ಜತೊಡಗಿದಳು. ಬಟ್ಟೆ ಕಪ್ಪಾಯಿತು, ಬೆಳ್ಳಿ ಮೊದಲು ಕಂದಾಗಿ, ಆಮೇಲೆ ಬೂದಿಯಾಗಿ, ಆಮೇಲೆ ಬೆನ್ನ ಮೇಲೆ ಒಂದು ಹೊಳಪಿನ ಗೆರೆಯಾಗಿ ಎದ್ದು ಬಂತು. ಎದ್ವೀಜ್ ತಡೆಯಲಾರದೆ ಪಕ್ಕಕ್ಕೆ ಬಂದರು. ಗರಿಗಳ ಸಂದಿಯ ಕಪ್ಪನ್ನು ತೆಗೆಯಬೇಡಿ, ಅದು ಹೋದರೆ ಗರಿ ಕಾಣುವುದಿಲ್ಲ, ಬರೀ ಮೇಲ್ಮೈ ಉಜ್ಜಿ ಎಂದು ಬೆರಳು ಹಿಡಿದು ತೋರಿಸಿದರು. ಹೊರಗಿನಿಂದ ಒಕ್ತಾವ್, ಚೀಸ್ ಎಲ್ಲ ಗಾಸ್ಪಾರ್ ತಿಂದು ಮುಗಿಸುತ್ತಿದ್ದಾನೆಂದು ದೂರು ಹೇಳುವುದು ಕೇಳಿಸಿತು.

ಸೋಲಾಂಜ್ ಬಟ್ಟೆಯ ಮೂಲೆಯನ್ನು ಬೆಂಕಿಕಡ್ಡಿಗೆ ಸುತ್ತಿ ಕೊಕ್ಕನ್ನು ಉಜ್ಜಿದಳು. ಎಷ್ಟೋ ವರ್ಷದ ಕಪ್ಪು ಅಲ್ಲಿ ಒಂದು ಮುದ್ದೆಯಾಗಿ ಕೂತಿತ್ತು. ಅದು ಬಿಟ್ಟುಕೊಂಡಿತು. ಕೊಕ್ಕು ಮುಚ್ಚಿರಲಿಲ್ಲ. ತೆರೆದಿತ್ತು. ಒಳಗೆ ಅಕ್ಕಿಕಾಳಿನಷ್ಟು ಸಣ್ಣ, ಚೂಪಾದ ನಾಲಗೆ.

"ಇದು ತಲೆ ತಗ್ಗಿಸಿಲ್ಲ," ಎಂದಳು. "ನೋಡಿ ಇಲ್ಲಿ. ನಮ್ಮಜ್ಜಿ ಹೆಬ್ಬಾತು ಸಾಕಿದ್ಲು, ಮನೆಗೆ ನಾಯಿ ಇರ್ಲಿಲ್ಲ, ಬೇಕಾಗೂ ಇರ್ಲಿಲ್ಲ. ಹೆಬ್ಬಾತು ಹೆದರಿದ್ರೆ ಕತ್ತು ಮೇಲೆತ್ತುತ್ತೆ. ಹೀಗೆ ನೆಲಕ್ಕೆ ಚಾಚಿ, ಬಾಯಿ ತೆಗೆದು ಬುಸ್ ಅಂತು ಅಂದ್ರೆ ಅದು ಕಚ್ಚೋಕೆ ಬರ್ತಿದೆ ಅಂತ ಅರ್ಥ. ಪೋಸ್ಟ್‌ಮ್ಯಾನ್ ಸೈಕಲ್ ಬಿಟ್ಟು ಓಡ್ತಿದ್ದ."

ಎದ್ವೀಜ್ ಎದೆಯ ಮೇಲೆ ತೂಗುತ್ತಿದ್ದ ಕನ್ನಡಕ ಏರಿಸಿಕೊಂಡು ಬಾಗಿದರು. ಅಕ್ಕಸಾಲಿಗ ಯಾರೋ, ಹಳ್ಳಿಯಿಂದ ಬಂದವನೇ ಇರಬೇಕು. ಅಜ್ಜಿಗೆ ಹೆಬ್ಬಾತು ಬೇಕಿತ್ತು, ಅವನು ಹೆಬ್ಬಾತು ಮಾಡಿಕೊಟ್ಟಿದ್ದ. ತಾನು ಕಂಡಿದ್ದ ಹೆಬ್ಬಾತನ್ನೇ ಮಾಡಿದ್ದ. ಪಟ್ಟಣದಲ್ಲೇ ಹುಟ್ಟಿ ಬೆಳೆದ ಈ ಮನೆಯವರಿಗೆ ಹೆಬ್ಬಾತನ್ನು ಬೇಯಿಸಿ ಬಡಿಸಿದ ಮೇಲೆಯೇ ನೋಡಿ ಗೊತ್ತಿದ್ದದ್ದು.

"ಹಾಗಾದ್ರೆ ನಮ್ಮಜ್ಜಿ..." ಎಂದರು ಎದ್ವೀಜ್. "ಅಷ್ಟು ವರ್ಷ ಪ್ರತಿ ಭಾನುವಾರ, ಎದುರಿಗೇ ಕೂತು..."

"ಅದರ ಬಾಯಿ ನಿಮ್ಮಜ್ಜಿ ಕಡೆಗೇ ಇತ್ತು."

ಮೊದಲು ಎದ್ವೀಜ್‌ರ ಹೆಗಲು ಅಲುಗಿತು. ಅಳುತ್ತಿದ್ದಾರೆಂದು ಸೋಲಾಂಜ್‌ಗೆ ಗಾಬರಿಯಾಯಿತು. ಆಮೇಲೆ ಸದ್ದು ಬಂತು, ಬಟ್ಟೆ ಹರಿದಂಥ ಒಂದು ನಗು. ತೊಟ್ಟಿಯ ಅಂಚು ಹಿಡಿದುಕೊಂಡು, ಕಣ್ಣೀರು ಇಳಿಯುವವರೆಗೆ ನಕ್ಕರು. ನಗುತ್ತ ನಗುತ್ತ 'ಅಯ್ಯೋ ಅಮ್ಮ' ಎಂದರು. ಸೋಲಾಂಜ್ ಒದ್ದೆ ಕೈಯಲ್ಲೇ ಅವರ ಬೆನ್ನ ಮೇಲೆ ಕೈಯಿಟ್ಟಳು. ಸುಣ್ಣದ ಪುಡಿಯ ಬಿಳಿ ಗುರುತು ಹಬ್ಬದ ಕಪ್ಪು ರವಿಕೆಯ ಮೇಲೆ ಮೂಡಿತು. ಇಬ್ಬರೂ ಅದನ್ನು ಒರೆಸಲು ಹೋಗಲಿಲ್ಲ.

ನಗು ನಿಂತ ಮೇಲೆ ಸೋಲಾಂಜ್ ಕೇಳಿದಳು. ಕೇಳಿ ಪಡೆದ ಜಾಗ ಜಾಗವಲ್ಲ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದವಳು, ಈಗ ತಾನೇ ಕೇಳಿಬಿಟ್ಟಳು.

"ಇದು ನನಗಿರಲಿ. ನಿಮ್ಮಮ್ಮಂದು ಅಂತ ಗೊತ್ತು. ನೀವು ಇಡೋದು ಬೇಡ, ನಾನೇ ತಗೊಳ್ತೀನಿ. ನನಗೆ ಇದಕ್ಕಿಂತ ಹೊಂದೋದು ಬೇರೆ ಸಿಗಲ್ಲ. ಎಲ್ಲರೂ ಮಲಗಿದ್ರೂ ಹಿಂಡಲ್ಲಿ ಒಂದು ಹೆಬ್ಬಾತು ಎದ್ದು ಕಾಯ್ತಾ ನಿಂತಿರುತ್ತೆ. ನಾನೂ ಅಂಥವಳೇ. ಬೇಕಾದ್ರೆ ಆನ್ಸೆಲ್ಮ್‌ನ ಕೇಳಿ."

"ಮೇಜಲ್ಲಿ ನಗ್ತಾರೆ," ಎಂದರು ಎದ್ವೀಜ್.

"ನಗಲಿ. ಹತ್ತಿರ ಬಂದು ನಗಲಿ."

ಎದ್ವೀಜ್ ಹೆಬ್ಬಾತನ್ನು ಅವಳ ಕೈಯಿಂದ ತೆಗೆದುಕೊಂಡು ತಮ್ಮ ಅಡುಗೆ ಏಪ್ರನ್ನಿನಲ್ಲಿ ತೇವ ಒರೆಸಿದರು. ಇಡುವುದಾದರೆ ತಾವೇ ಇಡುವುದಾಗಿ ಹೇಳಿದರು. ಈ ಮನೆಯಲ್ಲಿ ಪ್ರಾಣಿಯನ್ನು ಯಾರೂ ತಾವಾಗಿ ತೆಗೆದುಕೊಳ್ಳುವುದಿಲ್ಲ, ಅದೊಂದು ಕ್ರಮ ಉಳಿಯಲಿ. ಪೆಟ್ಟಿಗೆ ಮುಚ್ಚುವಾಗ ಮೊಲವನ್ನು ನೋಡಿ ಅವರ ಕೈ ತಡೆಯಿತು. ಅದು ಅಲ್ಲೇ ಇರಲಿ ಎಂದಳು ಸೋಲಾಂಜ್.

ಇಬ್ಬರೂ ಮೇಜಿಗೆ ಬಂದರು. ಎದ್ವೀಜ್ ಬ್ರೆಡ್ಡಿನ ತುದಿಯನ್ನು ಸರಿಸಿ, ಆ ಜಾಗದಲ್ಲಿ ಹೆಬ್ಬಾತನ್ನು ಇಟ್ಟು, ಸೋಲಾಂಜ್‌ಳ ಎಂಜಲು ಚಾಕುವನ್ನು ತಾವೇ ಅದರ ಬೆನ್ನ ಮೇಲೆ ಮಲಗಿಸಿದರು. ಮಿಲೇನ್, ಇದನ್ನು ತಾನು ಈ ಇಪ್ಪತ್ತು ವರ್ಷದಲ್ಲಿ ನೋಡೇ ಇಲ್ಲವಲ್ಲ ಎಂದಳು. ಗಾಸ್ಪಾರ್ ಅದೇನೆಂದು ಬಗ್ಗಿ ನೋಡಿ, ತುಟಿಯಂಚಿನಲ್ಲಿ ನಗು ತಂದುಕೊಂಡು ಬಾಯಿ ತೆರೆದ.

"ಗಾಸ್ಪಾರ್, ಬೆರಳು ಹಿಂದಕ್ಕೆ ತಗೊ," ಎಂದರು ಅವನ ತಾಯಿ. "ಅದು ಕಚ್ಚುತ್ತೆ."

ಒಕ್ತಾವ್ ಮಾತ್ರ ಏನೂ ಹೇಳಲಿಲ್ಲ. ಯಾವ ಮಾತಿಗೂ ಒಂದು ಕುಚೋದ್ಯ ಸಿದ್ಧವಿಟ್ಟುಕೊಂಡಿರುವ ಮುದುಕ. ಫಿಲೊಮೆನ್ ಅವನಿಗೂ ತಾಯಿ ಎಂಬುದು ಸೋಲಾಂಜ್‌ಗೆ ಆಗ ಹೊಳೆಯಿತು. ಅವನು ಮೇಜಿನ ಮೇಲೆ ಕೈ ಚಾಚಿ, ಹೆಬ್ಬಾತಿನ ಹೊಳೆಯುವ ಬೆನ್ನನ್ನು ಒಂದೇ ಬೆರಳಿನಿಂದ ಮುಟ್ಟಿದ. ಎದ್ವೀಜ್ ಅವನ ಕಿವಿಯ ಬಳಿ ಬಾಗಿ, ಕೊಕ್ಕನ್ನು ತೋರಿಸಿ, ಅಡುಗೆಮನೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದರು.

"ಅಮ್ಮಂಗೆ ಇದು ಗೊತ್ತಿತ್ತು," ಎಂದ ಅವನು. "ನಂಗನ್ಸುತ್ತೆ ಗೊತ್ತಿತ್ತು ಅಂತ. ಮೇಜು ಹಾಕೋವಾಗ ಇದರ ಮೂತಿ ಅಜ್ಜಿ ಕಡೆಗೆ ಸರಿ ಮಾಡ್ತಿದ್ಲು. ಯಾಕೆ ಅಂತ ನಾನು ಯಾವತ್ತೂ ಕೇಳ್ಲಿಲ್ಲ."

ಅದು ನಿಜವೋ, ಮುದುಕ ತನ್ನ ಸಮಾಧಾನಕ್ಕೆ ಆಗಷ್ಟೇ ಕಟ್ಟಿದ್ದೋ, ಹೇಳುವವರಿಲ್ಲ. ಎದ್ವೀಜ್ ಅದನ್ನು ಪ್ರಶ್ನಿಸಲಿಲ್ಲ. ಸೋಲಾಂಜ್‌ಳೂ, ಬದುಕಿನಲ್ಲಿ ಎಲ್ಲವನ್ನೂ ಎರಡು ಸಲ ತಿರುವಿ ನೋಡುವವಳು, ಅದನ್ನು ಹಾಗೆಯೇ ಬಿಟ್ಟಳು. ಚೀಸ್ ಉಳಿದಿರಲಿಲ್ಲ. ಗಾಸ್ಪಾರ್ ತಪ್ಪೊಪ್ಪಿಕೊಂಡವನಂತೆ ತನ್ನ ತಟ್ಟೆಯ ಅರ್ಧ ತುಂಡನ್ನು ಅವಳ ಕಡೆ ತಳ್ಳಿದ.

ಊಟವಾದ ಮೇಲೆ ಪಾತ್ರೆಗಳ ರಾಶಿ ತೊಟ್ಟಿಗೆ ಬಂತು. ಬೆಳ್ಳಿಯನ್ನು ಬೇರೆಯಾಗಿ, ಒಂದೊಂದಾಗಿ ತೊಳೆಯಬೇಕು, ಒಂದಕ್ಕೊಂದು ತಾಗಬಾರದು ಎಂದು ಎದ್ವೀಜ್ ಸ್ಟೂಲಿನ ಮೇಲೆ ಕಾಲು ನೀಡಿ ಕೂತು ಅಪ್ಪಣೆ ಕೊಡುತ್ತಿದ್ದರು. ಸೋಲಾಂಜ್ ತೊಳೆಯುತ್ತಿದ್ದಳು, ಮಿಲೇನ್ ಒರೆಸುತ್ತಿದ್ದಳು.

"ಬಂದ್ಯಲ್ಲ ಕೊನೆಗೂ," ಎಂದಳು ಮಿಲೇನ್ ಮೊಣಕೈಯಿಂದ ತಿವಿದು. "ಎರಡು ವರ್ಷದಿಂದ ಆ ಕಿಟಕಿ ಹತ್ರ ರಾಣಿ ಥರ ಕಾಫಿ ಕುಡೀತಾ ಕೂತಿರ್ತಿದ್ದೆ, ನಂಗೆ ಎಷ್ಟು ಉರೀತಿತ್ತು ಗೊತ್ತಾ?"

ಆನ್ಸೆಲ್ಮ್ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲೋ ಬೇಡವೋ ಎಂಬಂತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಕೇಳಬೇಕಾದದ್ದು ಅವನ ಮುಖದ ತುಂಬ ಬರೆದಿತ್ತು, ಆದರೆ ತಾಯಿ, ಅತ್ತಿಗೆ ಇಬ್ಬರ ಎದುರು ಕೇಳಲು ಬಾಯಿ ಬರಲಿಲ್ಲ. ಸೋಲಾಂಜ್ ಅವನನ್ನು ತುಸು ಹೊತ್ತು ಹಾಗೆಯೇ ನಿಲ್ಲಿಸಿದಳು. ಆಮೇಲೆ ಒಣಗಿದ ಬಟ್ಟೆಯೊಂದನ್ನು ಅವನ ಕಡೆ ಎಸೆದಳು.

"ಸುಮ್ನೆ ನಿಂತಿದ್ರೆ ಆಗಲ್ಲ, ಒರೆಸು. ಮತ್ತೆ ಮಂಗಳವಾರ ರಜೆ ಹಾಕು. ಪುರಸಭೆ ಎಷ್ಟು ಗಂಟೆಗೆ ತೆರೆಯುತ್ತೆ?"

"ಒಂಬತ್ತಕ್ಕೆ," ಎಂದರು ಎದ್ವೀಜ್ ಸ್ಟೂಲಿನ ಮೇಲಿಂದ. ಮಗನಿಗೆ ಉತ್ತರಿಸಲು ಬಿಡಲಿಲ್ಲ.